ನೆತ್ತರಿನಲ್ಲಿ ಬರೆದವನು: ಗುಣಾಢ್ಯನ ಬದುಕು

ಈ ವರ್ಷದ ಬೇಸಗೆ ಕಾಲಿಡುತ್ತಿದ್ದ ದಿನಗಳಲ್ಲಿ ಒಂದು ಸಂಜೆ, ಆದವಾನಿಯ ಪೇಟೆಯಲ್ಲಿ ಒಂದು ನನ್ನಾರಿ ಅಂಗಡಿಯ ಮುಂದೆ ನಮ್ಮ ವಿಭಾಗದ ಐದಾರು ಮಂದಿ ವಿದ್ಯಾರ್ಥಿಗಳು ಕುಳಿತು ಬಿರುಸಾಗಿ ವಾದಿಸುತ್ತಿದ್ದರು. ಸೊಗದೆ ಬೇರಿನ ಆ ಷರಬತ್ತಿನ ಲೋಟಗಳು ಅರ್ಧಕ್ಕೇ ನಿಂತಿದ್ದವು. ವಾದದ ವಸ್ತು 2005ರಲ್ಲಿ ಅಮೆರಿಕದ ಸ್ಟೆಫೆನಿ ಮೇಯರ್ ಬರೆದ ಟ್ವೈಲೈಟ್ ಎಂಬ ಕಾದಂಬರಿ. ನೆತ್ತರು ಕುಡಿದು ಬದುಕುವ ಪಿಶಾಚ ಯುವಕನೊಬ್ಬನು ಶಾಲೆಗೆ ಹೋಗುವ ಹುಡುಗಿಯನ್ನು ಪ್ರೀತಿಸುತ್ತಾನೆ. ಮನುಷ್ಯರನ್ನು ಮುಟ್ಟಬಾರದೆಂದು ಕಾಡಿನ ಮೃಗಗಳ ನೆತ್ತರಿನಿಂದ ಹಸಿವು ತೀರಿಸಿಕೊಳ್ಳುತ್ತಾನೆ. ಅಂಥವನದು ಪ್ರೇಮವೋ ಹಸಿವೋ ಎಂಬುದು ಅವರ ಜಗಳ. ನನ್ನನ್ನು ಕಂಡು ಎಲ್ಲರೂ ಎದ್ದು ನಿಂತರು. ಕುಳಿತುಕೊಳ್ಳಿರೆಂದು ಹೇಳಿ ನಾನೂ ಒಂದು ಲೋಟ ತರಿಸಿಕೊಂಡೆ. ಆಗ ಒಬ್ಬನು, ಇಂಥ ಕಥೆ ನಮ್ಮವರಿಗೆ ಏಕೆ ಹೊಳೆಯಲಿಲ್ಲವೆಂದು ಕೇಳಿದ. ಹೊಳಗುಂದ ಕಡೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿ ಹೇಳುವ ದೆವ್ವದ ಮದುವೆಯ ಕಥೆಯ ಮಾತೆತ್ತಿ, ನನ್ನ ಮುಖ ನೋಡಿ ಸುಮ್ಮನಾದಳು. ಅವಳು ಏಕೆ ಸುಮ್ಮನಾದಳೆಂಬುದು ನನಗೆ ತಿಳಿದಿತ್ತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಆ ಸಂಜೆ ನಾನು ಆ ಹುಡುಗನಿಗೆ ಉತ್ತರವಾಗಿ ಹೇಳಿದ್ದು ಒಂದೇ ಹೆಸರು: ಗುಣಾಢ್ಯ. ಉಳಿದುದನ್ನು ವಾರ್ತಾಪತ್ರಕ್ಕೆ ಬರೆದುಕೊಡುವೆನೆಂದು ಮಾತು ಕೊಟ್ಟೆ. ಆ ಋಣವನ್ನು ಇಲ್ಲಿ ತೀರಿಸುತ್ತಿದ್ದೇನೆ.

ಆ ಕಾದಂಬರಿಯಿಂದ ಗುಣಾಢ್ಯನವರೆಗೆ ಹಿಂದಕ್ಕೆ ನಡೆಯಲು ಒಂದು ಕಾಲುದಾರಿ ಇದೆ. ರಕ್ತಪಿಪಾಸು ಪಿಶಾಚದ ಕಥೆಗಳಿಗೆಲ್ಲ ಮೇಲ್ಪಂಕ್ತಿಯಾದ ಡ್ರಾಕುಲಾ ಕಾದಂಬರಿ 1897ರಲ್ಲಿ ಪ್ರಕಟವಾಯಿತು. ಅದರ ಕರ್ತೃ ಬ್ರಾಂ ಸ್ಟೋಕರ್ ಲಂಡನ್ನಿನ ಲೈಸಿಯಂ ನಾಟಕಶಾಲೆಯ ವ್ಯವಸ್ಥಾಪಕನಾಗಿದ್ದ. ಅಲ್ಲಿನ ಮಹಾನಟ ಹೆನ್ರಿ ಇರ್ವಿಂಗನ ಸ್ನೇಹಕೂಟದ ರಾತ್ರಿಯೂಟಗಳಲ್ಲಿ ಸ್ಟೋಕರನಿಗೆ ರಿಚರ್ಡ್ ಬರ್ಟನ್ ಎಂಬ ಲೋಕಸಂಚಾರಿಯ ಒಡನಾಟ ದೊರೆಯಿತು. ಮಾತನಾಡುವಾಗ ಬರ್ಟನನ ಕೋರೆಹಲ್ಲು ಹೊಳೆಯುತ್ತಿದ್ದ ಬಗೆಯನ್ನು ಸ್ಟೋಕರ್ ತನ್ನ ನೆನಪಿನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಈ ಬರ್ಟನನೇ 1870ರಲ್ಲಿ ನಮ್ಮ ಬೇತಾಳನ ಕಥೆಗಳನ್ನು ಇಂಗ್ಲಿಷಿಗೆ ತಂದು, ಬೇತಾಳವನ್ನು ಅವರ ರಕ್ತಪಿಪಾಸುವಿನ ಹೆಸರಿನಿಂದ ಕರೆದವನು. ಆ ಊಟದ ಮೇಜಿನಲ್ಲಿ ಬೇತಾಳನ ಮಾತು ಬಂದಿತೆಂದು ನಾನು ಹೇಳುತ್ತಿಲ್ಲ. ಆದರೆ ಬೇತಾಳನ ಕಥೆಗಳನ್ನು ನಾವು ಹಳೆಯ ರೂಪದಲ್ಲಿ ಓದುವುದು ಕಾಶ್ಮೀರದ ಸೋಮದೇವನ ಕಥಾಸರಿತ್ಸಾಗರದಲ್ಲಿ ಮತ್ತು ಕ್ಷೇಮೇಂದ್ರನ ಬೃಹತ್ಕಥಾಮಂಜರಿಯಲ್ಲಿ. ಆ ಎರಡೂ ತಮ್ಮ ಮೂಲವೆಂದು ತೋರಿಸುವುದು ಗುಣಾಢ್ಯನ ಬೃಹತ್ಕಥೆಯನ್ನು. ನೇಪಾಳದಲ್ಲಿ ದೊರೆತ ಬುಧಸ್ವಾಮಿಯ ಸಂಗ್ರಹದಲ್ಲಿ ಬೇತಾಳನಿಲ್ಲ. ಆದುದರಿಂದ ಬೇತಾಳನು ಕಾಶ್ಮೀರದಲ್ಲಿ ಬಂದು ಸೇರಿಕೊಂಡಿರಬೇಕೆಂಬ ವಾದವೂ ಇದೆ. ಅದೇನೇ ಇರಲಿ, ಪಿಶಾಚ, ನೆತ್ತರು, ಪ್ರೇಮಕಥೆ ಈ ಮೂರೂ ಒಬ್ಬ ಮನುಷ್ಯನ ಬಾಳಿನಲ್ಲಿ ಕೂಡಿಬಂದ ಸಂದರ್ಭವನ್ನು ಹುಡುಕಿದರೆ ನಾವು ಬಂದು ನಿಲ್ಲುವುದು ಗುಣಾಢ್ಯನ ಬಾಗಿಲಲ್ಲಿಯೇ.

ಅವನ ಬದುಕಿನ ಬಗೆಗೆ ಶಾಸನಾಧಾರವಿಲ್ಲ. ಸಾತವಾಹನರ ಆಸ್ಥಾನದಲ್ಲಿದ್ದನೆಂಬುದು ಪರಂಪರೆಯ ಮಾತು. ವಿದ್ವಾಂಸರಲ್ಲಿ ಹಲವರು ಅವನನ್ನು ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿಡುತ್ತಾರೆ. ನಾನು ಇಲ್ಲಿ ಅನುಸರಿಸುವುದು ಮುಖ್ಯವಾಗಿ 11ನೆಯ ಶತಮಾನದ ಸೋಮದೇವನನ್ನು. ಕಾಶ್ಮೀರದ ಅನಂತರಾಜನ ರಾಣಿ ಸೂರ್ಯವತಿಯ ಮನರಂಜನೆಗಾಗಿ ಅವನು ಬರೆದ ಗ್ರಂಥದ ಮೊದಲ ಭಾಗವೇ ಕಥೆಯ ಕಥೆ, ಅಂದರೆ ಗುಣಾಢ್ಯನ ಚರಿತೆ. ಚರಿತ್ರೆ ಎಷ್ಟು, ಕಲ್ಪನೆ ಎಷ್ಟು ಎಂದು ಅಳೆಯಹೋಗದೆ, ಒಂದು ಜೀವನಚರಿತೆಯೆಂದೇ ಅದನ್ನು ಓದಬೇಕೆಂದು ನನ್ನ ಕೋರಿಕೆ.

ಪಾರ್ವತಿಗೆ ಶಿವನು ಏಕಾಂತದಲ್ಲಿ ಹೇಳುತ್ತಿದ್ದ, ಯಾರೂ ಕೇಳಿರದ ಕಥೆಯನ್ನು ಪುಷ್ಪದಂತನೆಂಬ ಗಣನು ಅಡಗಿ ಕೇಳಿಸಿಕೊಂಡ. ಸಿಟ್ಟಾದ ದೇವಿ ಅವನಿಗೆ ಭೂಮಿಯಲ್ಲಿ ಹುಟ್ಟುವಂತೆ ಶಾಪವಿತ್ತಳು. ಅವನ ಪರವಾಗಿ ಬೇಡಿಕೊಂಡ ತಪ್ಪಿಗೆ ಮಾಲ್ಯವಂತನೂ ಶಾಪಗ್ರಸ್ತನಾದ. ಗೆಳೆಯನ ಪರ ಮಾತನಾಡಿದ್ದಕ್ಕೆ ಶಿಕ್ಷೆ ಪಡೆದ ಈ ಮಾಲ್ಯವಂತನೇ ಗುಣಾಢ್ಯನಾಗಿ ಹುಟ್ಟಿದನು. ತಾಯಿ ಶ್ರುತಾರ್ಥೆ, ಸೋಮಶರ್ಮನೆಂಬ ಬ್ರಾಹ್ಮಣನ ಮಗಳು. ತಂದೆ ಕೀರ್ತಿಸೇನ, ವಾಸುಕಿಯ ವಂಶದ ನಾಗಕುಮಾರ. ಅವರದು ಗಾಂಧರ್ವ ವಿವಾಹ. ತಂಗಿ ಗರ್ಭಿಣಿಯಾದುದನ್ನು ಕಂಡು ಅಣ್ಣಂದಿರಾದ ವತ್ಸ, ಗುಲ್ಮ ಇಬ್ಬರೂ ಒಬ್ಬರನ್ನೊಬ್ಬರು ಸಂದೇಹಿಸಿದರೆಂದು ಕಥೆ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಹುಡುಗ ಇನ್ನೂ ಚಿಕ್ಕವನಿರುವಾಗಲೇ ತಾಯಿಯೂ ಸೋದರಮಾವಂದಿರೂ ತೀರಿಕೊಂಡರು. ಅಳು ನುಂಗಿಕೊಂಡು ಅವನು ವಿದ್ಯೆಗಾಗಿ ದಕ್ಷಿಣಾಪಥಕ್ಕೆ ಹೊರಟ. ಎಲ್ಲ ವಿದ್ಯೆಗಳನ್ನೂ ಕಲಿತು, ಶಿಷ್ಯರನ್ನು ಕೂಡಿಸಿಕೊಂಡು ಮರಳಿದಾಗ ಅವನ ಹೆಸರು ಅವನಿಗಿಂತ ಮುಂದಾಗಿ ಪ್ರತಿಷ್ಠಾನವನ್ನು ಮುಟ್ಟಿತ್ತು. ರಾಜನು ಅವನನ್ನು ಮಂತ್ರಿಯನ್ನಾಗಿ ಮಾಡಿಕೊಂಡ.

ಪ್ರತಿಷ್ಠಾನವೆಂದರೆ ಗೋದಾವರಿಯ ದಡದ ಇಂದಿನ ಪೈಠಣ. ನಾನು ಮರಾಠಿಯನ್ನೂ ಕನ್ನಡವನ್ನೂ ಒಟ್ಟೊಟ್ಟಿಗೆ ಕಲಿತ ಶಾಲೆಯಲ್ಲಿ ಪೈಠಣವೆಂದರೆ ಸಂತ ಏಕನಾಥರ ಊರು. ಪಂಡಿತರ ಮುಂದೆ ಜ್ಞಾನೇಶ್ವರರು ಕೋಣನ ಬಾಯಿಂದ ವೇದ ಹೇಳಿಸಿದರೆಂಬ ಊರು. ಗುಣಾಢ್ಯನ ಹೆಸರನ್ನು ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಬಹಳ ವರ್ಷಗಳ ಮೇಲೆ ಕನ್ನಡ ತರಗತಿಯಲ್ಲಿ ದುರ್ಗಸಿಂಹನನ್ನು ಓದುವಾಗ ಅವನು ಎದುರಾದ. ಪಂಡಿತರು ಕಿವಿಗೊಡದ ಮಾತಿಗೆ ಪ್ರಾಣಿಗಳು ಸಾಕ್ಷಿಯಾಗುವ ಕಥೆ ಅದೇ ಊರಿನ ನೆನಪಿನಲ್ಲಿ ಎರಡು ಬಾರಿ, ಸಾವಿರ ವರ್ಷಗಳಾಚೆ ಈಚೆ, ಹುಟ್ಟಿತಲ್ಲ ಎಂದು ಇಂದಿಗೂ ನನಗೆ ಸೋಜಿಗ.

ಆಸ್ಥಾನದಲ್ಲಿ ಗುಣಾಢ್ಯನ ದಿನಗಳು ಸುಖವಾಗಿಯೇ ಸಾಗಿದ್ದವು. ಅವನ್ನು ಕೆಡಿಸಿದ್ದು ಒಂದು ಸಂಧಿ. ವಸಂತದಲ್ಲಿ ರಾಜನು ರಾಣಿಯರೊಡನೆ ಕೊಳದಲ್ಲಿ ನೀರಾಟವಾಡುತ್ತಿದ್ದ. ಎರಚಾಟದಿಂದ ದಣಿದ ರಾಣಿಯೊಬ್ಬಳು, ನೀರಿನಿಂದ ಹೊಡೆಯಬೇಡವೆಂದು ಸಂಸ್ಕೃತದಲ್ಲಿ ಹೇಳಿದಳು. ಬೇಡವೆನ್ನುವ ಮಾ ಎಂಬ ಪದವೂ ನೀರೆನ್ನುವ ಉದಕ ಎಂಬ ಪದವೂ ಕೂಡಿ, ಗುಣಸಂಧಿಯಾಗಿ, ಮೋದಕವೆಂದು ಕೇಳಿಸಿತು. ರಾಜನು ಆಳುಗಳನ್ನು ಕರೆದು ಕೂಡಲೇ ಮೋದಕಗಳನ್ನು ತರಿಸಿದ. ರಾಣಿ ನಕ್ಕಳು. ನೀರಿನಲ್ಲಿ ಕಡುಬಿಗೇನು ಕೆಲಸ, ಸಂಧಿಯೂ ತಿಳಿಯದೆ, ಸಂದರ್ಭವೂ ತಿಳಿಯದೆ ಹೋಯಿತೇ ಎಂದಳು. ಪರಿಜನರೂ ನಕ್ಕರು. ನಮ್ಮ ವ್ಯಾಕರಣದ ತರಗತಿಯಲ್ಲಿ ಗುಣಸಂಧಿಗೆ ಉದಾಹರಣೆ ಕೊಡುವಾಗ ನಾನು ಈ ಪ್ರಸಂಗ ಹೇಳುವುದುಂಟು; ಮಕ್ಕಳೂ ನಗುತ್ತಾರೆ. ರಾಜನು ಮಾತ್ರ ನಗಲಿಲ್ಲ. ನೀರಿನಿಂದೆದ್ದು ಹೋಗಿ, ಬಾಗಿಲು ಹಾಕಿಕೊಂಡು, ಊಟ ನಿದ್ರೆ ಬಿಟ್ಟು ಮಲಗಿದ. ಪಾಂಡಿತ್ಯ ಬರಲಿ, ಇಲ್ಲವೇ ಸಾವು ಬರಲಿ ಎಂದು ನಿಶ್ಚಯಿಸಿದ.

ಇಲ್ಲಿ ಒಂದು ವ್ಯಂಗ್ಯವನ್ನು ಗಮನಿಸಬೇಕು. ಸಾತವಾಹನರ ಶಾಸನಗಳು ಬಹುಮಟ್ಟಿಗೆ ಪ್ರಾಕೃತದಲ್ಲಿವೆ. ಗಾಥಾಸಪ್ತಶತಿಯೆಂಬ ಪ್ರಾಕೃತ ಪದ್ಯಗಳ ಸಂಕಲನಕ್ಕೆ ಕಾರಣನಾದ ಹಾಲನು ಆ ವಂಶದವನೆಂದೇ ಪ್ರಸಿದ್ಧ. ಕುಂತಲ ದೇಶದ ಸಾತವಾಹನನು ತನ್ನ ಅಂತಃಪುರದಲ್ಲಿ ಪ್ರಾಕೃತವನ್ನೇ ಆಡಬೇಕೆಂದು ವಿಧಿಸಿದ್ದನೆಂಬ ಕೇಳಿಕೆಯನ್ನು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಕೊಡುತ್ತಾನೆ. ಕುಂತಲವೆಂದರೆ ನಮ್ಮ ಸೀಮೆಯೇ. ಅಂಥ ಮನೆತನದ ಅರಸನು ಸಂಸ್ಕೃತ ಬಾರದುದಕ್ಕೆ ನಾಚಿ ಸಾಯಹೊರಟನೆಂದು ಕಾಶ್ಮೀರದ ಕವಿ ಬರೆಯುತ್ತಾನೆ. ಮನೆಮಾತಿನಲ್ಲಿ ರಾಜ್ಯವಾಳಿದವನಿಗೂ ಅದು ಸಾಲದೆಂದು ತೋರಿಬಂದ ಗಳಿಗೆ ಅದು. ಆ ನಾಚಿಕೆ ಮುಂದೆ ಏನು ಮಾಡಿತೆಂಬುದೇ ಗುಣಾಢ್ಯನ ಕಥೆಯ ತಿರುಳೆಂದು ನಾನು ತಿಳಿಯುತ್ತೇನೆ.

ರಾಜನನ್ನು ಸಂತೈಸಲು ಇಬ್ಬರು ಮಂತ್ರಿಗಳು ಬಂದರು. ವ್ಯಾಕರಣ ಕಲಿಯಲು ಜನರಿಗೆ ಹನ್ನೆರಡು ವರ್ಷ ಬೇಕು, ತಾನು ಆರು ವರ್ಷದಲ್ಲಿ ಕಲಿಸಬಲ್ಲೆನೆಂದು ಗುಣಾಢ್ಯ ಹೇಳಿದ. ಅಧ್ಯಾಪಕನಾಗಿ ನನಗೆ ಅದು ಪ್ರಾಮಾಣಿಕವಾದ ಅಂದಾಜೆನಿಸುತ್ತದೆ. ಇನ್ನೊಬ್ಬ ಮಂತ್ರಿ ಶರ್ವವರ್ಮನು ಆರೇ ತಿಂಗಳು ಸಾಕೆಂದ. ಗುಣಾಢ್ಯನಿಗೆ ರೇಗಿತು. ಆರು ತಿಂಗಳಲ್ಲಿ ಕಲಿಸಿದ್ದೇ ಆದರೆ ಸಂಸ್ಕೃತ, ಪ್ರಾಕೃತ, ದೇಶಭಾಷೆ ಈ ಮೂರನ್ನೂ ತಾನು ಬಿಟ್ಟುಬಿಡುವೆನೆಂದು ಪ್ರತಿಜ್ಞೆ ಮಾಡಿದ. ಸೋತರೆ ಹನ್ನೆರಡು ವರ್ಷ ಗುಣಾಢ್ಯನ ಪಾದರಕ್ಷೆಗಳನ್ನು ತಲೆಯ ಮೇಲೆ ಹೊರುವೆನೆಂದು ಶರ್ವವರ್ಮನು ಪಣ ತೊಟ್ಟ. ಆಮೇಲೆ ಮನೆಗೆ ಹೋಗಿ ಹೆಂಡತಿಯ ಮುಂದೆ ತಾನು ಆಡಿದ ಮಾತಿಗೆ ಹಳಹಳಿಸಿದನಂತೆ. ಕುಮಾರಸ್ವಾಮಿಯನ್ನು ಒಲಿಸಿಕೊಂಡು ಕಾತಂತ್ರವೆಂಬ ಕಿರಿದಾದ ವ್ಯಾಕರಣವನ್ನು ಪಡೆದು, ಹೇಳಿದ ಅವಧಿಯಲ್ಲಿ ರಾಜನಿಗೆ ಕಲಿಸಿಯೂಬಿಟ್ಟ. ಊರೆಲ್ಲ ಉತ್ಸವವಾಯಿತು. ಶರ್ವವರ್ಮನಿಗೆ ಭರುಕಚ್ಛದ ಒಡೆತನ ದೊರೆಯಿತು.

ಕಾತಂತ್ರ ಕೆಟ್ಟ ಪುಸ್ತಕವಲ್ಲ. ಕಾಶ್ಮೀರದಲ್ಲಿಯೂ ಬಂಗಾಳದಲ್ಲಿಯೂ ಶತಮಾನಗಳ ಕಾಲ ಮಕ್ಕಳು ಅದನ್ನೇ ಓದಿದರು. ಗುಣಾಢ್ಯನು ಸೋತದ್ದು ಸಿಟ್ಟಿನಿಂದ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಆ ಪಣದ ಭಾರವನ್ನು ನೋಡಿರಿ. ಒಬ್ಬನು ಒಡ್ಡಿದ್ದು ಪಾದರಕ್ಷೆ ಹೊರುವ ಅವಮಾನವನ್ನು. ಇನ್ನೊಬ್ಬನು ಒಡ್ಡಿದ್ದು ತನಗೆ ಗೊತ್ತಿದ್ದ ಮೂರು ಭಾಷೆಗಳನ್ನು. ಮೂರು ನುಡಿಗಳ ನಡುವೆ ಬದುಕುವ ನಮ್ಮೂರಿನವರಿಗೆ ಇದು ಚೆನ್ನಾಗಿ ಅರ್ಥವಾಗಬೇಕು. 1953ರ ಅಕ್ಟೋಬರಿನಲ್ಲಿ ಬಳ್ಳಾರಿ ಜಿಲ್ಲೆ ಒಡೆದು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡದ ಮಗು ಮನೆಯಲ್ಲಿ ಒಂದು, ಕಚೇರಿಯಲ್ಲಿ ಒಂದು, ಹತ್ತಿಯ ಮಾರುಕಟ್ಟೆಯಲ್ಲಿ ಮತ್ತೊಂದು ಮಾತನಾಡಿ ಬೆಳೆಯುತ್ತದೆ. ಒಂದನ್ನು ಬಿಟ್ಟರೂ ಯಾವುದೋ ಒಂದು ಬಾಗಿಲು ಮುಚ್ಚುತ್ತದೆ. ಗುಣಾಢ್ಯನು ಒಂದೇ ದಿನ ಮೂರು ಬಾಗಿಲುಗಳನ್ನೂ ಮುಚ್ಚಿಕೊಂಡ. ಮಾತೇ ಇಲ್ಲದ ಮಂತ್ರಿಗೆ ಆಸ್ಥಾನದಲ್ಲಿ ಏನು ಕೆಲಸ? ಮೌನವ್ರತ ತೊಟ್ಟು, ಇಬ್ಬರು ಶಿಷ್ಯರನ್ನು ಕರೆದುಕೊಂಡು, ವಿಂಧ್ಯದ ಕಾಡಿಗೆ ಹೊರಟುಹೋದ. ಗುಣದೇವ, ನಂದಿದೇವ ಎಂಬ ಆ ಇಬ್ಬರು ಶಿಷ್ಯರಿಲ್ಲದಿದ್ದರೆ ಇವನ ಹೆಸರೂ ನಮಗೆ ಉಳಿಯುತ್ತಿರಲಿಲ್ಲ.

ಕಾಡಿನಲ್ಲಿ ಪಿಶಾಚಗಳು ತಮ್ಮೊಳಗೆ ಮಾತನಾಡಿಕೊಳ್ಳುತ್ತಿದ್ದವು. ಗುಣಾಢ್ಯನು ಮರೆಯಲ್ಲಿ ನಿಂತು ಕೇಳಿದ. ಕೇಳುತ್ತ ಕೇಳುತ್ತ ಆ ನುಡಿಯನ್ನು ಕಲಿತ. ಅದು ಬಿಟ್ಟ ಮೂರರಲ್ಲಿ ಯಾವುದೂ ಅಲ್ಲವಾದ್ದರಿಂದ ಅವನ ಪ್ರತಿಜ್ಞೆಗೆ ಭಂಗವಿರಲಿಲ್ಲ. ಹೀಗೆ ಅವನ ಮೌನ ಮುರಿಯಿತು. ಈ ಪೈಶಾಚಿ ಯಾರ ಮಾತು ಎಂಬುದರ ಬಗೆಗೆ ವಿದ್ವಾಂಸರಲ್ಲಿ ಜಗಳ ತೀರಿಲ್ಲ. ಕೆಲವರು ಅದನ್ನು ವಾಯವ್ಯದ ಗಡಿಗೆ ಒಯ್ಯುತ್ತಾರೆ, ಕೆಲವರು ವಿಂಧ್ಯದ ಸುತ್ತಲೇ ಉಳಿಸುತ್ತಾರೆ. ಪ್ರಾಕೃತ ವೈಯಾಕರಣರು ಅದರ ಲಕ್ಷಣ ಹೇಳುತ್ತಾರೆ. ಅದರ ಒಂದು ಇಡೀ ಗ್ರಂಥವೂ ನಮ್ಮ ಕೈಗೆ ಬಂದಿಲ್ಲ. 12ನೆಯ ಶತಮಾನದ ಹೇಮಚಂದ್ರನು ಕೊಡುವ ನಿಯಮಗಳಂತೆ ಅದರಲ್ಲಿ ದಕಾರವು ತಕಾರವಾಗುತ್ತದೆ. ಮದನನು ಮತನನಾಗುತ್ತಾನೆ, ದಾಮೋದರನು ತಾಮೋತರನಾಗುತ್ತಾನೆ. ಆಡುವವರು ಮನುಷ್ಯರೇ ಆಗಿದ್ದಿರಬೇಕು. ಊರಿನವರು ಕಾಡಿನವರ ಮಾತನ್ನು ಕೇಳಿ ಪಿಶಾಚದ ಮಾತೆಂದರು, ಅಷ್ಟೆ. ದಂಡಿಯಂಥ ಆಲಂಕಾರಿಕನೂ ಬೃಹತ್ಕಥೆಯನ್ನು ಭೂತಭಾಷೆಯದೆಂದೇ ಕರೆದ.

ಆ ಕಾಡಿನಲ್ಲಿ ಕಾಣಭೂತಿಯೆಂಬ ಪಿಶಾಚನಿದ್ದ. ಶಾಪದಿಂದ ಪಿಶಾಚನಾದ ಯಕ್ಷನವನು. ಪುಷ್ಪದಂತನು ವರರುಚಿಯಾಗಿ ಹುಟ್ಟಿ ಅವನಿಗೆ ಹೇಳಿದ್ದ ಶಿವನ ಕಥೆಯನ್ನು ಅವನೀಗ ಗುಣಾಢ್ಯನಿಗೆ ಹೇಳಿದ. ವಿದ್ಯಾಧರ ಚಕ್ರವರ್ತಿಗಳ ಏಳು ಕಥೆಗಳವು. ಗುಣಾಢ್ಯನು ಕುಳಿತು ಬರೆದ. ಏಳು ವರ್ಷಗಳಲ್ಲಿ ಏಳು ಲಕ್ಷ ಶ್ಲೋಕ. ಬರೆದದ್ದು ತನ್ನ ನೆತ್ತರಿನಿಂದ. ಸೋಮದೇವನು ಅದಕ್ಕೆ ಎರಡು ಕಾರಣ ಕೊಡುತ್ತಾನೆ: ಕಾಡಿನಲ್ಲಿ ಮಸಿ ಇರಲಿಲ್ಲ, ಮತ್ತು ವಿದ್ಯಾಧರರು ಗ್ರಂಥವನ್ನು ಕದ್ದೊಯ್ಯಬಾರದಿತ್ತು. ಮೊದಲ ಕಾರಣ ನನಗೆ ತುಂಬ ಇಷ್ಟ. ನೆತ್ತರಿನಲ್ಲಿ ಬರೆಯುವುದನ್ನು ಇಂದಿನ ಕವಿ ದೊಡ್ಡ ರೂಪಕವಾಗಿ ಮೆರೆಸುತ್ತಾನೆ. ಸೋಮದೇವನಿಗೆ ಅದು ಮಸಿ ಸಿಗದವನ ಉಪಾಯ. ನನ್ನಾರಿ ಅಂಗಡಿಯ ಗೆಳೆಯರಿಗೆ ನಾನು ಹೇಳಬೇಕೆಂದಿದ್ದ ವ್ಯತ್ಯಾಸವೂ ಇಲ್ಲೇ ಇದೆ. ಅವರ ಕಾದಂಬರಿಯ ನಾಯಕನು ಪ್ರೀತಿಸುವ ಸಲುವಾಗಿ ಮೃಗಗಳ ನೆತ್ತರು ಕುಡಿಯುತ್ತಾನೆ. ಇಲ್ಲಿ ಕಥೆಗಾರನು ತನ್ನ ನೆತ್ತರನ್ನು ಖರ್ಚು ಮಾಡಿ ಪ್ರೇಮಕಥೆ ಬರೆಯುತ್ತಾನೆ, ಪಿಶಾಚನು ಹೇಳಿಕೊಡುತ್ತಾನೆ.

ಪ್ರೇಮಕಥೆಯೆಂದು ಬೇಕೆಂದೇ ಹೇಳಿದೆ. ಉದಯನ ವಾಸವದತ್ತೆಯರ ಮಗ ನರವಾಹನದತ್ತನ ಚರಿತೆಯೇ ಉಳಿದುಬಂದ ಭಾಗದ ಜೀವ. ಅವನ ಪ್ರಿಯೆಯನ್ನು ಮಾನಸವೇಗನೆಂಬ ವಿದ್ಯಾಧರನು ಹೊತ್ತೊಯ್ಯುತ್ತಾನೆ. ಅವಳನ್ನು ಅರಸುತ್ತ ನಾಯಕನು ಊರೂರು ಅಲೆಯುತ್ತಾನೆ, ಅಲೆಯುವಾಗ ಬೇರೆ ಮದುವೆಗಳೂ ಆಗುತ್ತವೆ (ನಿಷ್ಠೆಯ ವಿಷಯದಲ್ಲಿ ನಮ್ಮ ವಿದ್ಯಾರ್ಥಿನಿಯರು ಇವನಿಗೆ ಹೆಚ್ಚು ಅಂಕ ಕೊಡಲಾರರು). ಬುಧಸ್ವಾಮಿಯ ಪಾಠದಲ್ಲಿ ನಾಯಕಿ ಗಣಿಕೆಯ ಮಗಳು. ಕಾಶ್ಮೀರದವರು ಅವಳ ತಾಯಿಯನ್ನು ರಾಜಕುಮಾರಿ ಮಾಡಿದರು. ಮೂಲಕ್ಕೆ ಬುಧಸ್ವಾಮಿಯೇ ಹೆಚ್ಚು ಹತ್ತಿರವೆಂದು ತಿಳಿಯುವ ವಿದ್ವಾಂಸರ ಪಕ್ಷ ನನ್ನದೂ ಹೌದು. ಹಡಗು ಮುಳುಗಿಸಿಕೊಂಡ ವರ್ತಕರು, ಜೂಜುಕೋರರು, ಬಡಗಿಗಳು, ಸೂಳೆಗೇರಿಯ ಜಾಣೆಯರು ಓಡಾಡುವ ಪುಸ್ತಕವದು. ಅದನ್ನು ಅರಮನೆಯ ಭಾಷೆಯಲ್ಲಿ ಬರೆಯಲು ಸಾಧ್ಯವಿತ್ತೇ ಎಂಬುದೇ ನನ್ನ ಅನುಮಾನ.

ಬರೆದು ಮುಗಿಸಿದ ಮೇಲೆ ಗುಣಾಢ್ಯನಿಗೆ ಬಂದ ಚಿಂತೆ ಎಲ್ಲ ಬರಹಗಾರರದೂ ಹೌದು: ಇದನ್ನು ಯಾರಿಗೆ ಕೊಡಲಿ? ಶಿಷ್ಯರು ಸಾತವಾಹನನ ಹೆಸರು ಹೇಳಿದರು. ಗಾಳಿ ಹೂವಿನ ಕಂಪನ್ನು ಹರಡುವಂತೆ ರಸಿಕನಾದ ಅರಸನು ಕಾವ್ಯವನ್ನು ಹರಡುವನೆಂದು ಅವರ ನಂಬಿಕೆ. ಗುಣಾಢ್ಯನು ತಾನು ಊರೊಳಗೆ ಹೋಗದೆ ಪ್ರತಿಷ್ಠಾನದ ಹೊರಗಿನ ತೋಟವೊಂದರಲ್ಲಿ ನಿಂತು, ಶಿಷ್ಯರ ಕೈಯಲ್ಲಿ ಗ್ರಂಥ ಕಳುಹಿಸಿದ. ಈಗ ರಾಜನಿಗೆ ವ್ಯಾಕರಣ ಬಂದಿತ್ತು. ವಿದ್ಯೆಯ ಮದವೂ ಬಂದಿತ್ತೆಂದು ಸೋಮದೇವ ಹೇಳುತ್ತಾನೆ. ಪಿಶಾಚರಂತಿದ್ದ ಶಿಷ್ಯರನ್ನು, ಕೆಂಪಗಿನ ಅಕ್ಷರಗಳನ್ನು ನೋಡಿ ಮುಖ ಸಿಂಡರಿಸಿದ. ಏಳು ಲಕ್ಷವೇನೋ ದೊಡ್ಡ ಪ್ರಮಾಣವೇ, ಆದರೆ ಭಾಷೆ ಪೈಶಾಚಿ, ರಸವಿಲ್ಲದ್ದು, ಬರೆದದ್ದು ನೆತ್ತರಿನಲ್ಲಿ, ಇಂಥ ಕಥೆಗೆ ಧಿಕ್ಕಾರವೆಂದು ತಳ್ಳಿಹಾಕಿದ. ಅವನು ಒಂದು ಪುಟವನ್ನಾದರೂ ಓದಿದನೆಂದು ಸೋಮದೇವ ಹೇಳುವುದಿಲ್ಲ.

ಕೊಳದಲ್ಲಿ ನಗೆಗೀಡಾದವನು ಇವನೇ. ಮಾತಿನ ಸಲುವಾಗಿ ನಾಲ್ಕು ಜನರ ಎದುರಿನಲ್ಲಿ ನಾಚುವುದೆಂದರೆ ಏನೆಂದು ಇವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆ ನೋವು ಅವನಿಗೆ ಸಂಧಿಯನ್ನು ಕಲಿಸಿತು. ಇನ್ನೊಬ್ಬನ ಮಾತನ್ನು ಕೇಳುವ ತಾಳ್ಮೆಯನ್ನು ಕಲಿಸಲಿಲ್ಲ. ಹೊಸದಾಗಿ ಶುದ್ಧವಾದ ನಾಲಗೆಯೇ ಎಲ್ಲಕ್ಕಿಂತ ಬೇಗ ಅಶುದ್ಧವನ್ನು ಗುರುತಿಸುತ್ತದೆ. ಬಳ್ಳಾರಿಗೋ ಬೆಂಗಳೂರಿಗೋ ಓದಲು ಹೋದ ನಮ್ಮ ಹುಡುಗರು ಒಂದೆರಡು ವರ್ಷದಲ್ಲಿ ಮಾತು ತಿದ್ದಿಕೊಂಡು ಬಂದು, ಊರಿನಲ್ಲಿ ಐತಿ ಎಂದವರನ್ನು ನೋಡಿ ನಗುವುದನ್ನು ಕಂಡಿದ್ದೇನೆ. ಅವರನ್ನು ನೋಡಿ ಅಲ್ಲಿ ಯಾರೋ ನಕ್ಕಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ.

ಸುದ್ದಿ ಕೇಳಿ ಗುಣಾಢ್ಯನು ಹತ್ತಿರದ ಗುಡ್ಡವೇರಿದ. ನೆಲ ಅಗೆದು ಅಗ್ನಿಕುಂಡ ಮಾಡಿ ಬೆಂಕಿ ಹೊತ್ತಿಸಿದ. ಒಂದೊಂದೇ ಹಾಳೆ ತೆಗೆದು ಸುತ್ತಲಿನ ಮೃಗಪಕ್ಷಿಗಳಿಗೆ ಓದಿ ಹೇಳುವುದು, ಓದಿದ್ದನ್ನು ಬೆಂಕಿಗೆ ಹಾಕುವುದು. ಶಿಷ್ಯರು ಕಣ್ಣೀರು ಸುರಿಸುತ್ತ ನೋಡಿದರು. ನರವಾಹನದತ್ತನ ಚರಿತೆಯೊಂದನ್ನು, ಅವರಿಗೆ ಮೆಚ್ಚಾಗಿತ್ತೆಂಬ ಕಾರಣಕ್ಕೆ, ಉಳಿಸಿಟ್ಟ. ಜಿಂಕೆ, ಹಂದಿ, ಕಾಡುಕೋಣಗಳು ಮೇವು ಬಿಟ್ಟು, ಸುತ್ತುಗಟ್ಟಿ ನಿಂತು, ಕಣ್ಣೀರು ಹಾಕುತ್ತ ಅಲುಗದೆ ಕೇಳಿದವು. ಸಿಟ್ಟಿನಲ್ಲಿ ಸುಡುವವನು ಒಮ್ಮೆಗೇ ಸುಡುತ್ತಾನೆ. ಇವನು ಓದಿ ಸುಟ್ಟ. ಒಬ್ಬರಾದರೂ ಕೇಳದೆ ಯಾವ ಹಾಳೆಯೂ ಹೋಗಕೂಡದೆಂಬ ಹಟ ಅದರಲ್ಲಿ ಕಾಣುತ್ತದೆ.

ಇತ್ತ ರಾಜನಿಗೆ ಆರೋಗ್ಯ ಕೆಟ್ಟಿತು. ಒಣಗಿದ ಮಾಂಸ ತಿಂದದ್ದೇ ಕಾರಣವೆಂದು ವೈದ್ಯರೆಂದರು. ಅಡುಗೆಯವರನ್ನು ಗದರಿಸಿದರೆ ಅವರು ಬೇಡರತ್ತ ಕೈ ತೋರಿಸಿದರು. ಗುಡ್ಡದ ಮೇಲೊಬ್ಬ ಬ್ರಾಹ್ಮಣನು ಒಂದೊಂದು ಹಾಳೆ ಓದಿ ಬೆಂಕಿಗೆ ಹಾಕುತ್ತಿದ್ದಾನೆ, ಪ್ರಾಣಿಗಳೆಲ್ಲ ಮೇಯದೆ ನಿಂತು ಕೇಳುತ್ತಿವೆ, ಆದ್ದರಿಂದ ಅವುಗಳ ಮೈ ಒಣಗಿದೆ ಎಂದು ಬೇಡರು ಹೇಳಿದರು. ಸಾಹಿತ್ಯ ಅರಮನೆಯನ್ನು ಮುಟ್ಟಿದ ದಾರಿ ಇದು. ಪಂಡಿತರ ಮೂಲಕ ಬಾರದ್ದು ಅಡುಗೆಮನೆಯ ಮೂಲಕ ಬಂತು. ರಾಜನು ಕುತೂಹಲದಿಂದ ಬೇಡರ ಹಿಂದೆಯೇ ನಡೆದು ಬಂದ. ಜಡೆ ಸುತ್ತಲೂ ಚದುರಿ, ಆರುತ್ತ ಬಂದ ಬೆಂಕಿಯ ಹೊಗೆಯಂತೆ ಕುಳಿತಿದ್ದವನನ್ನು ಗುರುತು ಹಿಡಿದು ನಮಸ್ಕರಿಸಿದ. ಆರು ಲಕ್ಷ ಸುಟ್ಟುಹೋಗಿತ್ತು. ಉಳಿದ ಒಂದು ಲಕ್ಷವನ್ನು ಕೊಟ್ಟು, ತನ್ನ ಇಬ್ಬರು ಶಿಷ್ಯರೇ ಅದನ್ನು ಬಿಡಿಸಿ ಹೇಳುವರೆಂದು ತಿಳಿಸಿ, ಗುಣಾಢ್ಯನು ಯೋಗದಿಂದ ದೇಹ ಬಿಟ್ಟನು. ರಾಜನ ಮೇಲೆ ಅವನು ಒಂದು ಕಟುಮಾತನ್ನೂ ಆಡಿದಂತೆ ಕಥೆ ಹೇಳುವುದಿಲ್ಲ. ರಾಜನು ಶಿಷ್ಯರಿಗೆ ಭೂಮಿಕಾಣಿ ಕೊಟ್ಟು, ಅವರಿಂದ ಅರ್ಥ ತಿಳಿದು, ಈ ಕಥೆ ಹುಟ್ಟಿದ ಬಗೆಯನ್ನು ವಿವರಿಸುವ ಕಥಾಪೀಠವನ್ನು ಅದೇ ಪೈಶಾಚಿಯಲ್ಲಿ ರಚಿಸಿದನೆಂದು ಸೋಮದೇವ ಮುಗಿಸುತ್ತಾನೆ.

ಆ ಒಂದು ಲಕ್ಷವೂ ಮೂಲರೂಪದಲ್ಲಿ ನಮಗೆ ಉಳಿಯಲಿಲ್ಲ. ಉಳಿದದ್ದು ಬೇರೆ ಬೇರೆ ಭಾಷೆಗಳವರು ತಂತಮ್ಮ ಬಿಂದಿಗೆಯಲ್ಲಿ ತುಂಬಿಕೊಂಡು ಹೋದದ್ದು. ಬಾಣನು ಹರ್ಷಚರಿತದ ಮೊದಲಲ್ಲಿ ಬೃಹತ್ಕಥೆಯನ್ನು ನೆನೆದ. 9ನೆಯ ಶತಮಾನದ ಕೊನೆಯಲ್ಲಿ ದೂರದ ಕಾಂಬೋಜದ ಶಾಸನದಲ್ಲಿಯೂ ಗುಣಾಢ್ಯನ ಹೆಸರು ಕೆತ್ತಲ್ಪಟ್ಟಿತು. ತಮಿಳಿನಲ್ಲಿ ಕೊಂಗುವೇಳಿರನು ಪೆರುಂಗದೈ ಬರೆದ. ನಮ್ಮ ಗಂಗರ ದುರ್ವಿನೀತನು, ಕವಿರಾಜಮಾರ್ಗವು ಗದ್ಯಕಾರರಲ್ಲಿ ಹೆಸರಿಸುವ ಆ ಅರಸನು, ವಡ್ಡಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನ ಹೇಳುತ್ತದೆ. ಅದೂ ಈಗ ಇಲ್ಲ. ಚಾಳುಕ್ಯ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 11ನೆಯ ಶತಮಾನದಲ್ಲಿ ಕನ್ನಡ ಪಂಚತಂತ್ರವನ್ನು ಬರೆಯುವಾಗ, ತನ್ನ ಮೂಲವಾದ ವಸುಭಾಗಭಟ್ಟನ ಹಿಂದೆ ಗುಣಾಢ್ಯನನ್ನು ನಿಲ್ಲಿಸಿದ. ನಮ್ಮ ಪಠ್ಯದಲ್ಲಿ ದುರ್ಗಸಿಂಹನಿದ್ದಾಗಲೆಲ್ಲ ಆ ಪೀಠಿಕೆಯನ್ನು ಬಿಟ್ಟು ಕಥೆಗೆ ಹಾರುವ ಅಭ್ಯಾಸ ನಮ್ಮದು. ಪರೀಕ್ಷೆಗೆ ಅದು ಬರುವುದಿಲ್ಲ.

ಸಾತವಾಹನರು ನಮ್ಮೂರಿಗೆ ದೂರದವರಲ್ಲ. ಆದವಾನಿ ತಾಲ್ಲೂಕಿನ ಮ್ಯಾಕದೋಣಿಯ ಬಂಡೆಯ ಮೇಲೆ ಆ ವಂಶದ ಕೊನೆಗಾಲದ ಪುಳುಮಾವಿಯ 8ನೆಯ ಆಳ್ವಿಕೆಯ ವರ್ಷದ ಪ್ರಾಕೃತ ಶಾಸನವಿದೆ. ಈ ಸೀಮೆಯನ್ನು ಅದು ಸಾತವಾಹನಿಹಾರವೆಂದು ಕರೆಯುತ್ತದೆ. ಮಹಾಸೇನಾಪತಿ ಸ್ಕಂದನಾಗನ ಜನಪದದಲ್ಲಿ, ವೇಪುರಕವೆಂಬ ಊರಿನಲ್ಲಿ, ಸಂಬನೆಂಬ ಗೃಹಪತಿ ಒಂದು ಕೆರೆ ಕಟ್ಟಿಸಿದನೆಂಬುದು ಅದರ ವಿಷಯ. ಕೆರೆ ಕಟ್ಟಿಸಿದ ರೈತನ ಹೆಸರು ಅವನ ಕಾಲದ ಮಾತಿನಲ್ಲಿ ಕಲ್ಲಿನ ಮೇಲೆ ಉಳಿದಿದೆ. ಮುಂದಿನ ಸೆಮಿಸ್ಟರಿನಲ್ಲಿ ಹಸ್ತಪ್ರತಿ ಮತ್ತು ಶಾಸನ ಪತ್ರಿಕೆಯ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವ ಯೋಚನೆ ವಿಭಾಗಕ್ಕಿದೆ.

ಇನ್ನು ಆ ವಿದ್ಯಾರ್ಥಿನಿ ಸುಮ್ಮನಾದ ಸಂಗತಿ. ಕಳೆದ ವರ್ಷದ ಸಂಚಿಕೆಗೆ ಅವಳು ಅಜ್ಜಿಯ ಆ ದೆವ್ವದ ಮದುವೆಯ ಕಥೆಯನ್ನು ಎಂಟು ಹಾಳೆ ಬರೆದು ತಂದುಕೊಟ್ಟಿದ್ದಳು. ಬರೆದದ್ದು ಮನೆಯ ಮಾತಿನಲ್ಲಿ, ತೆಲುಗು ಉರ್ದು ಬೆರೆತ ನಮ್ಮ ಆದವಾನಿ ಸೀಮೆಯ ಕನ್ನಡದಲ್ಲಿ. ನಾನು ಮೊದಲ ಪುಟದಲ್ಲಿಯೇ ಕೆಂಪು ಶಾಯಿಯಿಂದ ಹದಿನೇಳು ಕಡೆ ಗೆರೆ ಎಳೆದು, ಗ್ರಂಥಸ್ಥ ಕನ್ನಡದಲ್ಲಿ ತಿದ್ದಿ ಬರೆದು ತರುವಂತೆ ಹೇಳಿ ಹಿಂದಕ್ಕೆ ಕೊಟ್ಟೆ. ಎರಡನೆಯ ಪುಟವನ್ನು ಓದಿರಲಿಲ್ಲ. ಅವಳು ತಿದ್ದಿ ತರಲಿಲ್ಲ, ನಾನೂ ಕೇಳಲಿಲ್ಲ. ನನ್ನಾರಿ ಅಂಗಡಿಯ ಆ ಸಂಜೆಯ ಮರುದಿನ ಕರೆದು ಕೇಳಿದಾಗ, ಹಾಳೆಗಳು ಎಲ್ಲಿ ಹೋದವೋ ತಿಳಿಯದೆಂದಳು. ಬಾಯಲ್ಲಿ ಹೇಳಲು ಒಪ್ಪಿಕೊಂಡಳು. ಎರಡು ಮಧ್ಯಾಹ್ನ ಅವಳು ಹೇಳಿದಳು, ಅವಳ ಗೆಳತಿಯೊಬ್ಬಳು ಬರೆದುಕೊಂಡಳು. ನೆನಪಿಗೆ ಬಂದಷ್ಟು ಈ ಸಂಚಿಕೆಯ ಮುಂದಿನ ಪುಟಗಳಲ್ಲಿದೆ. ಅಚ್ಚಿನ ಕರಡನ್ನು ಅವಳೇ ನೋಡಿದ್ದಾಳೆ.